ಎರಡೂ ಬದಿ ಕೆಂಪಿದ್ದ ಬ್ಯಾಟು

ಜಬಲಪುರದಿಂದ ತವರಿಗೆ ಬಂದಾಗ ಹುಕ್ಕೇರಿಯ ಶಾಂತವ್ವನನ್ನು ನೋಡಲು ಹೋಗಿದ್ದೆ. ಕಾಲೇಜಿನಲ್ಲಿದ್ದಾಗ ಗೋಕಾಕದ ಟೇಬಲ್ ಟೆನ್ನಿಸ್ ಫೈನಲ್‌ನಲ್ಲಿ ಮೂರು ಸಲ ನನಗೆ ಸೋತು, ತನ್ನ ಕೈಯೇ ಸರಿಯಿಲ್ಲವೆಂದು ಆಟ ಬಿಟ್ಟವಳು ಅವಳು. ಆಟ ಕಲಿಯುತ್ತಿದ್ದ ಅವಳ ಮೊಮ್ಮಗಳಿಗೆ ತೋರಿಸೋಣವೆಂದು ನನ್ನ ಹಳೆಯ ಬ್ಯಾಟು ಒಯ್ದಿದ್ದೆ.

ಹುಡುಗಿ ಅದನ್ನು ತಿರುಗಿಸಿ ನೋಡಿದಳು. “ಅಜ್ಜಿ, ಎರಡೂ ಬಾಜೂ ಕೆಂಪ ಐತಲ್ರಿ! ಆದ್ರ ಒಂದು ನುಣ್ಣಗ, ಒಂದು ಗುಳ್ಳಿಗುಳ್ಳಿ. ಯಾವುದರಿಂದ ಹೊಡದ್ರಿ ಅಂತ ಎದುರಿನವರಿಗೆ ಗೊತ್ತಾಗೂದಿಲ್ರಿ. ಅದಕ್ಕ ಈಗ ಎರಡು ಬಣ್ಣ ಇರಬೇಕಂತ ನಿಯಮ ಐತಿ.”

ಶಾಂತವ್ವ ಚಹಾದ ಬಸಿ ಕೆಳಗಿಟ್ಟಳು. “ಟೇಬಲ್ ಕೆಳಗ ಬ್ಯಾಟ್ ತಿರಗಸ್ತಿದ್ದೇನ?”

“ಆಗ ನಿಯಮ ಇರಲಿಲ್ಲವ್ವ.”

“ನಾಚಿಕೀನೂ ಇರಲಿಲ್ಲೇನ? ಏಳ, ಸಾಲ್ಯಾಗ ಟೇಬಲ್ ಐತಿ.”

ನನ್ನ ಬ್ಯಾಟು ಅವಳು ಹಿಡಿದಳು, ಮೊಮ್ಮಗಳದ್ದು ನಾನು. ಒಂದು ಚೆಂಡು ಗಿರಗಿರ ತಿರುಗುತ್ತ ಬಂದರೆ ಮುಂದಿನದು ಸತ್ತಂತೆ ಬಿತ್ತು. ಹನ್ನೊಂದು–ಎರಡು ಅಂಕಗಳಿಂದ ಸೋತೆ.

ಬ್ಯಾಟಿಗೆ ಕೈ ಚಾಚಿದರೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. “ಬೇಕಾದ್ರ ಬರೂ ವರ್ಷ ಬಂದು ಗೆದ್ದು ಒಯ್ಯಿ.”

ಎರಡು ವರ್ಷದಿಂದ ರೈಲು ಹತ್ತಿ ಹೋಗಿ ಸೋತು ಬರುತ್ತಿದ್ದೇನೆ. ಮಕ್ಕಳಿಗೆ ಮಾತ್ರ, ಹುಕ್ಕೇರಿಯ ಹವಾ ಮೊಣಕಾಲಿಗೆ ಒಳ್ಳೆಯದೆಂದು ಹೇಳಿದ್ದೇನೆ.