ಗುಡ್ಡ ಏರಿದ ಭಾವ

ಮೊದಲ ಬಂಡೆಗೆ ಕಾಲಿಟ್ಟದ್ದೇ ತಡ, ನನ್ನ ಬೂಟಿನ ತಳ ಬಂಡೆಯ ಮೇಲೆಯೇ ಉಳಿಯಿತು; ಮಿಕ್ಕ ಬೂಟು ಮತ್ತು ನಾನು ಮುಂದೆ ಹೋದೆವು. ಹಿಂದೆ ಬರುತ್ತಿದ್ದ ಅಕ್ಕನ ಮಗಳು ಪೂನಮ ಅದನ್ನು ಎತ್ತಿ ಹಿಡಿದು, "ಮಾಮಾ, ನಿಮ್ಮ ಬೂಟು ಮರಿ ಹಾಕ್ಯಾದ!" ಎಂದು ಕೂಗಿದಳು. ಹುಮನಾಬಾದಿನ ಆಫೀಸಿನಲ್ಲಿ ಮೇಜಿನ ಕೆಳಗೆ ವರ್ಷಗಟ್ಟಲೆ ಸುಖವಾಗಿದ್ದ ಬೂಟು ಅದು. ಕೊನೆಗೆ ಅವಳ ಜಡೆಯ ಗುಲಾಬಿ ರಬ್ಬರ್ ಬ್ಯಾಂಡನ್ನೇ ಬೇಡಿ ತಳ ಕಟ್ಟಿಕೊಂಡೆ.

"ಗುಡ್ಡ ಬೂಟಿನ ಮ್ಯಾಲ ಏರೂದಲ್ಲ ಸಾಹೇಬ್ರ. ದಮ್ ಬೇಕು, ದಮ್!" ಎಂದರು ಮುಂದಿದ್ದ ಭಾವ ತುಳಜಾರಾಮ.

ಭಾವ ಮೋರಖಂಡಿಯಲ್ಲಿ ತೊಗರಿ, ಸೋಯಾ ಬೆಳೆಯುವ ಮನುಷ್ಯ. ಹರೆಯದಲ್ಲಿ ಒಬ್ಬರೇ ಈ ಗುಡ್ಡದ ನೆತ್ತಿ ಏರಿ, ಅಲ್ಲಿನ ಕಲ್ಲಿನಲ್ಲಿ ಉಳಿಯಿಂದ ಹೆಸರು ಕೆತ್ತಿ ಬಂದರಂತೆ. ಅವತ್ತು ಮೈ ಗುಡ್ಡದಿಂದ ಇಳಿದು ಬಂತು, ಮಾತು ಇನ್ನೂ ಇಳಿದಿಲ್ಲ. ಹುಲಸೂರ ಬಸ್ಸಿನಲ್ಲಿ ಸೀಟು ಸಿಗದಿದ್ದರೆ, "ಗುಡ್ಡ ಏರಿದ ಕಾಲು, ನಿಂತ್ರ ಏನಾಗ್ತದ?" ಎನ್ನುತ್ತಾರೆ. ಮನೆಯಲ್ಲಿ ಎಮ್ಮೆಯ ಸಗಣಿ ಬಳಿಯುವ ಹೊತ್ತಾದರೆ, "ಗುಡ್ಡ ಏರಿದ ಮೊಳಕಾಲು, ಬಗ್ಗಂಗಿಲ್ಲ" ಎನ್ನುತ್ತಾರೆ. ಒಂದೇ ಗುಡ್ಡ, ಕೆಲಸ ನೋಡಿಕೊಂಡು ಅವರ ಕಾಲನ್ನು ಗಟ್ಟಿಯೂ ಮಾಡುತ್ತದೆ, ಕೆಡಿಸಿಯೂ ಇಡುತ್ತದೆ.

ನನ್ನ ಅಕ್ಕ ಸುಮನಬಾಯಿ ಕೊಹಿನೂರದ ಕಿರಾಣಿ ಅಂಗಡಿಯ ವರನನ್ನು ಬೇಡವೆಂದು ಇವರನ್ನು ಒಪ್ಪಿದ್ದೂ ಆ ಹೆಸರಿನ ಸುದ್ದಿ ಕೇಳಿಯೇ. ಆ ಅಂಗಡಿಯ ಮೇಲೆ ಈಗ ಇನ್ನೊಂದು ಅಂತಸ್ತು ಎದ್ದಿದೆ. ಮೊನ್ನೆ ಅದನ್ನು ಕಣ್ಣಾರೆ ಕಂಡು ಬಂದ ಅಕ್ಕ, ಚೀಲ ಇಳಿಸುತ್ತಲೇ ಅಂದಳಂತೆ:

"ಆ ಹೆಸರು ನನಗ ತೋರಸ್ರಿ. ಇದ್ರ ಇನ್ನ ಮ್ಯಾಲ ಒಂದ್ ಮಾತ ಆಡಂಗಿಲ್ಲ. ಇಲ್ಲಾಂದ್ರ ಮರುದಿನದಿಂದ ಸಗಣಿ ಬಳಿಯೂದು ನೀವೇ!"

ಸಾಕ್ಷಿಗೆ ನಾನು. ಬಸವಕಲ್ಯಾಣದಲ್ಲಿ ಬಸ್ಸಿಳಿದು, ಆಟೋ ಹಿಡಿದು ಬಂದಿದ್ದೆ.

ಅರ್ಧ ಗುಡ್ಡದಲ್ಲಿ ಚಪ್ಪಟೆಯಾದ ಜಾಗ, ಪಕ್ಕಕ್ಕೆ ಗೋಡೆಯಂಥ ಬಂಡೆ. ಉಸ್ಸಪ್ಪಾ ಎಂದು ಕೂರಹೊರಟೆ.

"ಇಲ್ಲಿ ಕುಂದರಬ್ಯಾಡ್ರಿ! ಜೇನು ಏಳಾಕತ್ತಾವ!" ಎಂದ ಭಾವ, ಬಂಡೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತು ನಮ್ಮನ್ನು ದಾಟಿಸಿದರು. ಒಂದು ಜೇನೂ ಕಾಣಲಿಲ್ಲ. ಆದರೂ ನಮ್ಮ ಮೇಲೆ ಅವರಿಗಿರುವ ಕಾಳಜಿ ಕಂಡು ನನ್ನ ಮನಸ್ಸು ತುಂಬಿ ಬಂತು.

ಅಲ್ಲಿಂದ ಮೇಲಕ್ಕೆ ದಾರಿಯೇ ಇರಲಿಲ್ಲ. ಅಕ್ಕ ಸೀರೆಯ ಕಚ್ಚೆ ಬಿಗಿದು ಬಂಡೆಯಿಂದ ಬಂಡೆಗೆ ಏರಿದಳು. ನಾನು ಏರಿದ್ದಕ್ಕಿಂತ ಪೂನಮ ಎಳೆದದ್ದೇ ಹೆಚ್ಚು. ನೆತ್ತಿಯಲ್ಲಿ ಗಾಳಿ, ಆಡಿನ ಹಿಕ್ಕೆ, ಬಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರು. ಭಾವನ ಹೆಸರು ಮಾತ್ರ ಇಲ್ಲ.

"ಎಲ್ಲದರಿ?" ಎಂದಳು ಅಕ್ಕ.

"ಮಳಿಗೆ ಅಳಿಸಿ ಹೋಗಿರಬೇಕು."

"ಉಳಿಲೆ ಕೆತ್ತೀನಿ ಅಂದಿದ್ರಲ್ಲ?"

"ಭಾಳ ಜೋರ್ ಮಳಿ ಆಗಿತ್ತು ಆ ವರ್ಷ."

ಅಕ್ಕ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹಂಚಿದಳು. ಭಾವನ ಸರದಿ ಬಂದಾಗ, "ಹೊಟ್ಟಿ ತುಂಬ ತಿನ್ರಿ. ನಾಳಿ ಈ ಕೈಗೆ ಬ್ಯಾರೆ ಕೆಲಸ ಅದ" ಎಂದಳು. ಭಾವ ಎರಡನೆಯ ರೊಟ್ಟಿ ಕೇಳಲಿಲ್ಲ.

ಇಳಿಯುವಾಗ ಗುಲಾಬಿ ರಬ್ಬರ್ ಪಟ್ಟೆಂದು ಹರಿಯಿತು. ನಾನು ಕೂತ ಭಂಗಿಯಲ್ಲೇ ಜಾರುತ್ತ ಜಾರುತ್ತ, ಜೇನಿಲ್ಲದ ಆ ಚಪ್ಪಟೆ ಜಾಗಕ್ಕೆ ಬಂದು ಬಂಡೆಗೆ ಮುಖ ಕೊಟ್ಟು ನಿಂತೆ. ಮೂಗಿನ ಮುಂದೆಯೇ ಉಳಿಯಿಂದ ಕೆತ್ತಿದ ಅಕ್ಷರಗಳಿದ್ದವು: ‘ತುಳಜಾರಾ’. ಕೊನೆಯ ‘ಮ’ ಇಲ್ಲ. ದಮ್ಮು ಅಲ್ಲಿಗೇ ಮುಗಿದಿರಬೇಕು.

"ಅಕ್ಕಾ, ಹೆಸರು ಸಿಕ್ತು!" ಎಂದು ಕೂಗಿಬಿಟ್ಟೆ. ಭಾವ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಅಕ್ಕ ಇಳಿದು ಬಂದು, ಅಕ್ಷರದೊಳಗಿನ ಮಣ್ಣನ್ನು ಬೆರಳಿನಿಂದ ಕೆರೆದು ಓದಿದಳು. ಆಮೇಲೆ ತಲೆಯೆತ್ತಿ ನೆತ್ತಿಯ ಕಡೆ ನೋಡಿದಳು.

"ನೆತ್ತಿ ಮ್ಯಾಲ ಕೆತ್ತೀನಿ ಅಂದಿದ್ರಿ. ಇದು ಅರ್ಧಕ್ಕ ಅದಲ್ರಿ?"

ಭಾವ ಹೆಗಲ ಮೇಲಿನ ಟವೆಲ್ಲು ತೆಗೆದು ನಿಧಾನವಾಗಿ ಮುಖ ಒರೆಸಿಕೊಂಡರು.

"ಆವಾಗ ಗುಡ್ಡ ಇಲ್ಲಿ ತನಕಾನೇ ಇತ್ತು."