ಆಡಿಲ್ಲ, ಎಮ್ಮೆ ಮಾತ್ರ

ಮೊಮ್ಮಗಳು ಆಗಾಗ ನನ್ನನ್ನು ‘ಸ್ವತಂತ್ರ ಸಿನಿಮಾ’ ಎಂಬುದಕ್ಕೆ ಎಳೆದುಕೊಂಡು ಹೋಗುತ್ತಾಳೆ. ಯಾರಿಂದ ಸ್ವತಂತ್ರವೇ ಅಂತ ಕೇಳಿದೆ. ದುಡ್ಡು ಹಾಕುವ ದೊಡ್ಡವರಿಂದ ಅಂದಳು. ನನಗೇನೋ ನೋಡುವವರಿಂದಲೇ ಸ್ವತಂತ್ರ ಅನ್ನಿಸುತ್ತದೆ. ಒಬ್ಬ ಕಿಟಕಿಯ ಬಳಿ ನಿಲ್ಲುತ್ತಾನೆ, ನಿಂತೇ ಇರುತ್ತಾನೆ. ಅಷ್ಟು ಹೊತ್ತಿಗೆ ನಾನು ಒಂದು ಮೊರ ಅವರೆಕಾಯಿ ಸುಲಿದಿಡುತ್ತಿದ್ದೆ. ದೀಪ ಹತ್ತಿದ ಮೇಲೆ ಎಲ್ಲರೂ ಗಡ್ಡ ಕೆರೆದುಕೊಂಡು ‘ಅದ್ಭುತ’ ಅನ್ನುತ್ತಾರೆ, ಗಡ್ಡವಿಲ್ಲದವರೂ. ಆದರೂ ನಾನು ನಡುವೆ ಎದ್ದು ಬರುವುದಿಲ್ಲ. ನನ್ನ ಮದುವೆ ಆದದ್ದೇ ಇಂಥದ್ದೊಂದು ಪಿಕ್ಚರಿನಿಂದ, ಆ ಋಣ ಇದೆ.

ಐವತ್ತರ ದಶಕದ ಮಾತು. ನಮ್ಮದು ಚಾಮರಾಜನಗರ, ಅಪ್ಪನದು ಬೆಲ್ಲದ ವ್ಯಾಪಾರ. ಆಗ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆದು, ‘ಒಂದು ಹಾಡು ಹೇಳಮ್ಮ’ ಅನ್ನಲೇಬೇಕು. ನನ್ನ ಗಂಟಲೋ, ಆ ದೇವರಿಗೇ ಪ್ರೀತಿ. ಮೊದಲು ಬಂದ ಉಡಿಗಾಲದವರ ಮುಂದೆ ಶಿವನ ಮೇಲೊಂದು ಪದ ಎತ್ತಿಕೊಂಡೆ. ಗಂಡಿನ ಸೋದರಮಾವ ನಗು ತಡೆಯಲಾರದೆ ಕಾಫಿ ನೆತ್ತಿಗೇರಿಸಿಕೊಂಡ. ಆಮೇಲೆ ಬಂದ ಹರವೆಯವರು ಪಾಪ ಪೂರ್ತಿ ಕೇಳಿದರು. ಗಾಡಿ ಹತ್ತಿ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವರು ಬೆರಳು ನೆಕ್ಕಿಕೊಂಡು ತಿಂದ ಉಪ್ಪಿಟ್ಟು ನನ್ನ ಕೈಯದು. ಅದನ್ನು ಯಾರೂ ಕೇಳಲಿಲ್ಲ. ನಾಚಿಕೆಗಿಂತ ನನಗೆ ಸಿಟ್ಟೇ ಹೆಚ್ಚು ಬರುತ್ತಿತ್ತು.

ಮೂರನೆಯದು ಭೀಮನಬೀಡಿನ ಜಮೀನುದಾರರ ಮನೆ. ಇದೂ ಮುರಿದರೆ ಒಬ್ಬ ವಿಧುರನಿಗೆ ಕೊಡುವುದೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಆ ಮನುಷ್ಯನಿಗೆ ಅಪ್ಪನದೇ ವಯಸ್ಸು, ಮೀಸೆಗೆ ಕಾಡಿಗೆ ಹಚ್ಚುತ್ತಿದ್ದ. ಹೆಣ್ಣು ನೋಡುವುದು ಅವರೂರಿಗೆ ಹತ್ತಿರದ ಗುಂಡ್ಲುಪೇಟೆಯಲ್ಲಿ, ನನ್ನ ಅಕ್ಕನ ಗಂಡನ ಮನೆಯಲ್ಲಿ ಎಂದು ನಿಶ್ಚಯವಾಯಿತು. ನಾನು ಹಿಂದಿನ ದಿನವೇ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಅಲ್ಲಿಗೆ ಹೋದೆ.

ಅಕ್ಕ ಒಂದು ಉಪಾಯ ಮಾಡಿದ್ದಳು. ಗಂಡಿನ ತಾಯಿ ಅಂದು ಸಂಜೆ ಟೆಂಟ್ ಸಿನಿಮಾಕ್ಕೆ ಬರುವವರಿದ್ದರು. ಅವರ ಪಕ್ಕದಲ್ಲೇ ನನ್ನನ್ನು ಕೂರಿಸಿದರೆ, ಹಾಡಿನ ಗಂಡಾಂತರಕ್ಕೆ ಮೊದಲೇ ಹುಡುಗಿ ಲಕ್ಷಣವಾಗಿದ್ದಾಳೆ ಅನ್ನಿಸೀತು ಎಂದು. “ಬಾಯ್ ಬುಡ್ಬ್ಯಾಡ ಕಣಮ್ಮಿ, ಸುಮ್ಕೆ ಕುಂತಿರು,” ಅಂತ ದಾರಿಯುದ್ದಕ್ಕೂ ಹೇಳಿದಳು.

ಟೆಂಟಿನಲ್ಲಿ ಮರಳು ನೆಲ, ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಪರದೆ. ಆ ತಾಯಿ ಹಣೆತುಂಬ ವಿಭೂತಿ ಇಟ್ಟುಕೊಂಡು, ಎಲೆಯಡಿಕೆ ಚೀಲ ಬಿಚ್ಚಿ, ಸ್ವಂತ ಜಗುಲಿಯ ಮೇಲೆ ಕೂತಂತೆ ಕೂತಿದ್ದರು. ನನ್ನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ, “ಊಂ,” ಅಂದರು. ಆ ಊಂಗೆ ಏನರ್ಥವೋ ಅಕ್ಕನಿಗೂ ತಿಳಿಯಲಿಲ್ಲ.

ಪಿಕ್ಚರ್ ಶುರುವಾಯಿತು. ಉತ್ತರದ ಯಾವುದೋ ಭಾಷೆ. ಒಬ್ಬಳು ಹೆಂಗಸು, ಅವಳಿಗೊಂದು ಎಮ್ಮೆ. ಎಮ್ಮೆಗೆ ಕಾಯಿಲೆ. ಕಥೆ ಅಷ್ಟೇ. ಎಮ್ಮೆ ಮಲಗಿರುತ್ತದೆ, ಅವಳು ನೋಡುತ್ತಾಳೆ. ಅವಳು ನೋಡುತ್ತಾಳೆ, ಎಮ್ಮೆ ಮಲಗಿರುತ್ತದೆ. ಅಯ್ಯೋ ಶಿವನೇ, ನನಗೂ ಆಕಳಿಕೆ ಬಂತು. ಗಂಡಿನ ತಾಯಿಗೆ ಮಾತ್ರ ಎಮ್ಮೆಯ ಸಂಕಟ ನೋಡಿ ಕೂರಲಾಗಲಿಲ್ಲ. “ಒಟ್ಟೆ ಉಬ್ಬರ ಕಣ ಅದು. ಎಳ್ಳೆಣ್ಣೆಗೆ ಇಂಗು ಆಕಿ ಕುಡ್ಸೋದ್ ಬುಟ್ಟು ಆಕಾಸ ನೋಡ್ತಾ ಕುಂತವ್ಳಲ್ಲ ಪೆದ್ದಿ!” ಎಂದು ಪರದೆಯ ಮೇಲಿದ್ದವಳನ್ನು ಬೈದರು.

ಅಷ್ಟರಲ್ಲಿ ಗಂಡಸರ ಕಡೆ ಗಲಾಟೆ ಎದ್ದಿತು. ಬೇಗ ಆಟ ಮುಗಿಸಲು ಟೆಂಟಿನವರು ಹಾಡಿನ ರೀಲು ಹಾರಿಸುವುದು ಎಲ್ಲರಿಗೂ ಗೊತ್ತಿದ್ದ ಕಳ್ಳತನ. ಇದರಲ್ಲಿ ಒಂದೂ ಹಾಡು ಬಾರದಿದ್ದಾಗ ಎಲ್ಲವನ್ನೂ ನುಂಗಿಹಾಕಿದ್ದಾನೆ ಎಂದೇ ತಿಳಿದರು. “ಆಡ್ ಕತ್ತರುಸ್ಬುಟ್ಟವ್ನೆ ಕಣ್ಲಾ!” “ಆಡು! ಆಡು!” ನಮ್ಮ ಕಡೆ ಬಾಯಿಗೆ ಹಕಾರ ಹತ್ತುವುದಿಲ್ಲ, ಹಾಡು ಅಂದರೆ ಆಡು. ಮೆಷಿನ್ ಓಡಿಸುತ್ತಿದ್ದವನು ವಯನಾಡಿನಿಂದ ಹೊಸದಾಗಿ ಬಂದವನು; ಅವನ ಮಲಯಾಳದಲ್ಲೂ ಆಡು ಅಂದರೆ ಮೇಕೆ, ಅಷ್ಟೇ. ಗಾಬರಿಯಿಂದ ತಲೆ ಹೊರಹಾಕಿ, “ಆಡು ಇಲ್ಲ ಸಾರ್! ಎಮ್ಮೆ ಮಾತ್ರಂ!” ಎಂದು ಕೂಗಿದ. ಟೆಂಟು ಬಿದ್ದು ಬಿದ್ದು ನಕ್ಕಿತು, ಮರಳು ತೂರಿತು. ಟೆಂಟಿನ ಯಜಮಾನ ಓಡಿಬಂದು, “ಮಾದಪ್ಪನಾಣೆ, ಡಬ್ಬಿಲಿ ಬಂದಿರದೇ ಇಷ್ಟು ಕಣ್ರಪ್ಪ!” ಅಂದ. ಯಾರು ನಂಬುತ್ತಾರೆ?

ಜನರನ್ನು ಸುಮ್ಮನಾಗಿಸಲು ಅವನು ಒಂದು ಕೆಲಸ ಮಾಡಿದ. ಆಟಕ್ಕೆ ಮೊದಲು ಊರಿಗೆಲ್ಲ ಕೇಳುವಂತೆ ಹಾಕುವ ಗ್ರಾಮಫೋನ್ ಪ್ಲೇಟು ತಂದು, ಪಿಕ್ಚರ್ ಓಡುತ್ತಿರುವಂತೆಯೇ ಕುಣಿತದ ಹಾಡೊಂದನ್ನು ಹಚ್ಚಿಬಿಟ್ಟ. ಪರದೆಯ ಮೇಲೆ ಅದೇ ಗಳಿಗೆಗೆ ಎಮ್ಮೆ ಸತ್ತುಹೋಯಿತು. ಆ ಹೆಂಗಸು ಅದರ ಕೊರಳಿನ ಹಗ್ಗ ಬಿಚ್ಚುತ್ತಿದ್ದಾಳೆ. ಅಳುತ್ತಿಲ್ಲ, ಗಂಟು ಬಿಡಿಸುತ್ತಿದ್ದಾಳೆ, ಗಂಟು ಬರುತ್ತಿಲ್ಲ. ಮೇಲೆ ತಬಲಾ, ಗೆಜ್ಜೆ. ಜನ ಖುಷಿಯಾಗಿ ಚಪ್ಪಾಳೆ ತಟ್ಟುತ್ತಿದ್ದರು.

ನನಗೆ ಏನಾಯಿತೋ. ಅವಳ ಕೈಯನ್ನೇ ನೋಡುತ್ತಿದ್ದೆ. ಅವಳನ್ನೂ ಹಾಡು ಹೇಳು ಅನ್ನುತ್ತಿದ್ದಾರಲ್ಲ, ಇವರ ಮನೆ ಹಾಳಾಗ! ಎದ್ದು ನಿಂತುಬಿಟ್ಟೆ. “ನಿಲ್ಸ್ರಪ್ಪ ಆ ಆಡ್ನ! ಆಡಿಲ್ದಿದ್ರೇನು, ಕತೆ ಇಲ್ವಾ? ಕಣ್ಣಿಲ್ವಾ ನಿಮ್ಗೆ?” ಅಕ್ಕ ಸೀರೆ ಹಿಡಿದು ಜಗ್ಗಿದಳು, ತೊಡೆ ಚಿವುಟಿದಳು. ನನ್ನ ಗಂಟಲು ಹಾಡಿಗೆ ಬಾರದಿದ್ದರೂ ಕೂಗಿಗೆ ಲಾಯಕ್ಕು, ಟೆಂಟಿನ ಆಚೆಗೂ ಕೇಳಿತಂತೆ. ವಯನಾಡಿನವನು ಬೆಚ್ಚಿಬಿದ್ದು ಪ್ಲೇಟಿನಿಂದ ಮುಳ್ಳು ಎತ್ತಿಬಿಟ್ಟ.

ಅರ್ಧ ಟೆಂಟು ಬೈದುಕೊಂಡು ಎದ್ದುಹೋಯಿತು. ಗಂಡಿನ ತಾಯಿ ಹೋಗಲಿಲ್ಲ. ಪಿಕ್ಚರಿನ ಆ ಹೆಂಗಸು ಬರಿಯ ಹಗ್ಗ ಹಿಡಿದು ಮನೆಗೆ ನಡೆಯುವಷ್ಟು ದೂರವೂ ನೋಡಿದರು, ಅದೇನು ಕಡಿಮೆ ದೂರವಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗದೆ ಹೊರಟುಹೋದರು. ರಾತ್ರಿ ಕಾಡಿಗೆ ಮೀಸೆಯೇ ನನ್ನ ಹಣೆಬರಹ ಅಂದುಕೊಂಡು ಮಲಗಿದೆ.

ಮಾರನೆಯ ದಿನ ಗಂಡಿನ ಕಡೆಯವರು ಬಂದರು, ಆ ತಾಯಿಯೂ. ಉಪ್ಪಿಟ್ಟು ಮುಗಿಯಿತು, ಕೈ ತೊಳೆದದ್ದಾಯಿತು. ಗಂಡಿನ ಚಿಕ್ಕಪ್ಪ ಶಲ್ಯದಲ್ಲಿ ಬಾಯೊರೆಸಿಕೊಂಡು, “ಎಲ್ಲಿ, ಒಂದ್ ಆಡೇಳವ್ವ,” ಅಂದರು. ಬೆಳಗಿನ ಬಸ್ಸಿಗೆ ಬಂದಿದ್ದ ಅಪ್ಪ ನೆಲ ನೋಡತೊಡಗಿದರು. ನಾನು ಚಾಪೆಯ ಅಂಚು ಹಿಡಿದುಕೊಂಡು ಬಾಯಿ ತೆರೆದೆ.

“ಬ್ಯಾಡ ಬುಡು,” ಅಂದರು ಗಂಡಿನ ತಾಯಿ, ಎಲೆಗೆ ಸುಣ್ಣ ಹಚ್ಚುತ್ತ. “ಇದು ನೆನ್ನೆ ಪಿಕ್ಚರ್ ತರ. ಆಡಿಲ್ಲ, ಕತೆ ಅದ. ನಾ ಕೊನೆಗಂಟ ಕುಂತು ನೋಡಿವ್ನಿ.”

ನಾನು ಎಲ್ಲರ ಎದುರಿಗೇ ಗೊಳೋ ಎಂದು ಅತ್ತುಬಿಟ್ಟೆ. ಆ ಅಳುವೂ ಅಪಸ್ವರದಲ್ಲೇ ಇತ್ತೆಂದು ನನ್ನವರು ಆಮೇಲೆ ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದರು.