ಅಮೀನಬಿಯ ಒಂದೇ ಪ್ರಶ್ನೆ

ನಾಲ್ಕು ರವಿವಾರದ ಕೂಲಿ ಅಮೀನಬಿಗೆ ಇನ್ನೂ ಬರಬೇಕು. ರವಿವಾರವೂ ದುಡಿಯಿರೆಂಬ ಹುಕುಂ ಬಂದದ್ದು ಕಂಪನಿಯ ಮೊಬೈಲ್ ಗ್ರೂಪಿನಲ್ಲಿ; ಅಲ್ಲಿ ಮ್ಯಾನೇಜರ್ ಒಬ್ಬನೇ ಮಾತಾಡಬಹುದಿತ್ತು. ಬೆಟಗೇರಿಯ ಸೀರೆ ಕಂಪನಿಯಲ್ಲಿ ಸೆರಗಿಗೆ ಕುಚ್ಚು ಕಟ್ಟುವ ಈಕೆ ಯಾವುದನ್ನೂ ತಿರುವಿ ನೋಡದೆ ಒಪ್ಪುವವಳಲ್ಲ. ಬದನೆಕಾಯಿ ಕೊಂಡರೂ ಹತ್ತು ಸಲ ತಿರುವುತ್ತಾಳೆ, ಬೀಗರು ಬಂದರೆ ಮೊದಲು ಅವರ ಚಪ್ಪಲಿ ನೋಡುತ್ತಾಳೆ. ಹಳೆಯ ಗ್ರೂಪಿನ ಬದಲು ಕಂಪನಿ ಹೊಸ ಚಾಟ್ ಆಪ್ ಕೊಳ್ಳಲು ಹೊರಟಾಗ, ಅದನ್ನು ಆರಿಸುವ ಸಭೆಗೆ ಕೆಲಸಗಾರರು ಆಕೆಯನ್ನೇ ಕಳಿಸಿದರು. ಆಪ್ ಮಾರಲು ಬಂದ ಮೂವರಿಗೂ ಆಕೆಯದು ಒಂದೇ ಪ್ರಶ್ನೆ: “ನಾ ಒಲ್ಲೆ ಅಂದ್ರ ಎಲ್ಲಾರಿಗೂ ಕೇಳಸ್ತೈತೇನ್ರಿ?” ಇಬ್ಬರ ಆಪಿನಲ್ಲಿ ಬರೆದು ಮಾತ್ರ ಕಳಿಸಬಹುದಿತ್ತು. ಮ್ಯಾನೇಜರ್ ಗೋಪಣ್ಣ ನಕ್ಕ: “ಏನಬೇ ಅಮೀನಬಿ, ಓದಾಕ ಬರೂದಿಲ್ಲ, ಆಪ್ ಆರಸಾಕ ಬಂದೀಯಲ್ಲ!” “ಓದಾಕ ಬರೂದಿಲ್ಲ ಖರೆ ಸಾಹೇಬ್ರ, ಒದರಾಕ ಬರ್ತೈತಿ.” ಮೂರನೆಯವನ ಆಪಿನಲ್ಲಿ ಯಾರು ಬೇಕಾದರೂ ಮಾತಾಡಿ ದನಿ ಕಳಿಸಬಹುದಿತ್ತು. ಅದನ್ನಲ್ಲದೆ ಬೇರೆಯದನ್ನು ಮೊಬೈಲಿಗೆ ಹಾಕಿಕೊಳ್ಳುವುದಿಲ್ಲವೆಂದು ನೇಕಾರರೆಲ್ಲ ಪಟ್ಟು ಹಿಡಿದರು; ಕಂಪನಿ ಅದನ್ನೇ ಕೊಂಡಿತು. ಶನಿವಾರ ಗೋಪಣ್ಣ ಮತ್ತೆ ಹುಕುಂ ಹಾಕಿದ. ಮರುಕ್ಷಣ ಅರವತ್ತು ಮೊಬೈಲುಗಳಲ್ಲಿ ಅಮೀನಬಿ ಗುಡುಗಿದಳು: “ಒಲ್ಲೆ! ಮೊದಲ ಹಳೇ ನಾಕು ರವಿವಾರದ ಪಗಾರ ಇಡ್ರಿ!” ಬೆನ್ನಿಗೇ ಐವತ್ತೊಂಬತ್ತು ಒಲ್ಲೆ ಬಂದವು. ಆ ರವಿವಾರ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ನಿಮ್ಮ ಕಂಪನಿಯ ಗ್ರೂಪನ್ನು ಈಗಲೇ ತೆರೆದು ನೋಡಿ. ದುಡಿಯುವವರ ಬಾಯಿಗೆ ಅಲ್ಲಿ ಬೀಗ ಹಾಕಿದ್ದರೆ ಇವತ್ತೇ ತೆಗೆಯಿರಿ.